ಖಾತೆ ಸಂಖ್ಯೆಯನ್ನು ಬಿಡಿಸಿ ಓದುವ ಕ್ರಮ

ದೇಶದೊಳಗಿನ ವ್ಯವಹಾರಕ್ಕೆ ಬಳಸುವ ಬ್ಯಾಂಕ್ ಖಾತೆ ಸಂಖ್ಯೆಯು ಅಂಕಿಗಳ ಒಂದೇ ಉದ್ದನೆಯ ಸಾಲಿನಂತೆ ಕಂಡರೂ, ಹಲವು ದೇಶಗಳಲ್ಲಿ ಅದು ಬ್ಯಾಂಕಿನ ಸಂಕೇತ, ಶಾಖೆಯ ಸಂಕೇತ, ಗ್ರಾಹಕರ ಖಾತೆ ಮತ್ತು ತಪ್ಪು ಹಿಡಿಯುವ ತಾಳೆ ಅಂಕಿ ಎಂಬ ತುಂಡುಗಳ ಜೋಡಣೆಯಾಗಿರುತ್ತದೆ. ಎಲ್ಲಿ ತುಂಡರಿಸಬೇಕೆಂಬುದನ್ನು ಉದ್ದ ನೋಡಿ ಊಹಿಸಲಾಗದು. ಆಯಾ ದೇಶದ ವಿನ್ಯಾಸವನ್ನೇ ಮೊದಲು ತಿಳಿದಿರಬೇಕು.

ಜರ್ಮನಿಯದು ಸರಳ: ಬ್ಯಾಂಕಿಗೆ 8 ಅಂಕಿ, ಖಾತೆಗೆ 10. ಫ್ರಾನ್ಸಿನಲ್ಲಿ ಬ್ಯಾಂಕಿಗೆ 5, ಶಾಖೆಗೆ 5, ಖಾತೆಗೆ 11, ತಾಳೆಗೆ 2 ಸ್ಥಾನಗಳಿದ್ದು, ಖಾತೆಯ ಭಾಗದಲ್ಲಿ ಅಕ್ಷರಗಳೂ ಬರಬಹುದು. ತಾಳೆ ಅಂಕಿ ಕೊನೆಯಲ್ಲೇ ಇರುತ್ತದೆಂದೂ ತಿಳಿಯಬಾರದು; ಸ್ಪೇನಿನಲ್ಲಿ ಅದು ಶಾಖೆಗೂ ಖಾತೆಗೂ ನಡುವೆ ಕುಳಿತಿದ್ದರೆ, ಇಟಲಿಯಲ್ಲಿ ಒಂದು ಅಕ್ಷರದ ರೂಪದಲ್ಲಿ ಎಲ್ಲಕ್ಕಿಂತ ಮೊದಲೇ ಬರುತ್ತದೆ. ಭಾರತದಲ್ಲಾದರೆ ಹಣ ವರ್ಗಾವಣೆಗೆ ಬೇಕಾದ ಬ್ಯಾಂಕು ಮತ್ತು ಶಾಖೆಯ ಗುರುತು ಖಾತೆ ಸಂಖ್ಯೆಯ ಹೊರಗೆ, 11 ಸ್ಥಾನಗಳ ಐಎಫ್‌ಎಸ್‌ಸಿಯಲ್ಲಿರುತ್ತದೆ.

ತಾಳೆ ಅಂಕಿಯ ಕೆಲಸವನ್ನು ಅರಿಯಲು ನಾರ್ವೆಯ 11 ಅಂಕಿಗಳ ಸಂಖ್ಯೆಯೇ ಅನುಕೂಲ, ಏಕೆಂದರೆ ಅದನ್ನು ಕಾಗದದ ಮೇಲೆ ಎರಡು ನಿಮಿಷದಲ್ಲಿ ಪರೀಕ್ಷಿಸಬಹುದು. 86011117947 ಎಂಬ ಮಾದರಿ ಸಂಖ್ಯೆಯಲ್ಲಿ 8601 ಬ್ಯಾಂಕು, 111794 ಖಾತೆ, ಕೊನೆಯ 7 ತಾಳೆ ಅಂಕಿ. ಮೊದಲ ಹತ್ತು ಅಂಕಿಗಳನ್ನು ಕ್ರಮವಾಗಿ 5, 4, 3, 2, 7, 6, 5, 4, 3, 2 ಇವುಗಳಿಂದ ಗುಣಿಸಿ ಕೂಡಿದರೆ 147 ಬರುತ್ತದೆ. ಅದನ್ನು 11ರಿಂದ ಭಾಗಿಸಿದಾಗ ಉಳಿಯುವ 4ನ್ನು 11ರಿಂದ ಕಳೆದರೆ 7 ಸಿಗುತ್ತದೆ. ಬರೆಯುವಾಗ 79 ಎಂಬುದು ಕೈತಪ್ಪಿ 97 ಆದರೆ ಮೊತ್ತ 149 ಆಗಿ, ತಾಳೆ ಅಂಕಿ 5 ಇರಬೇಕಾಗುತ್ತದೆ. ಕೊನೆಯಲ್ಲಿರುವುದು 7 ಆದ್ದರಿಂದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಅಕ್ಕಪಕ್ಕದ ಅಂಕಿಗಳಿಗೆ ಬೇರೆ ಬೇರೆ ಗುಣಕ ಕೊಟ್ಟಿರುವ ಜಾಣತನ ಇರುವುದು ಇಲ್ಲಿಯೇ.

ಇದೇ ದೇಶೀಯ ಸಂಖ್ಯೆಯ ಮುಂದೆ ದೇಶದ ಎರಡು ಅಕ್ಷರ ಮತ್ತು ಎರಡು ತಾಳೆ ಅಂಕಿಗಳನ್ನು ಸೇರಿಸಿದರೆ ಅಂತರರಾಷ್ಟ್ರೀಯ ಖಾತೆ ಸಂಖ್ಯೆಯಾದ ಐಬಿಎಎನ್ ಆಗುತ್ತದೆ. ಆದ್ದರಿಂದ ಐಬಿಎಎನ್ ಕೈಯಲ್ಲಿದ್ದಾಗ ಮೊದಲ ನಾಲ್ಕು ಸ್ಥಾನಗಳನ್ನು ಬಿಟ್ಟು ಉಳಿದುದನ್ನು ಬಿಡಿಸಿದರಾಯಿತು.

ಸಂಖ್ಯೆಯನ್ನು ನಕಲು ಮಾಡುವಾಗ ಆರಂಭದ ಸೊನ್ನೆಗಳನ್ನು ಎಂದಿಗೂ ಬಿಡಬಾರದು. ಲೆಕ್ಕಪಟ್ಟಿಯ ತಂತ್ರಾಂಶಗಳು ಅವನ್ನು ಸದ್ದಿಲ್ಲದೆ ನುಂಗುವುದುಂಟು, ಹಾಗಾಗಿ ಆ ಕಾಲಂ ಅನ್ನು ಮೊದಲೇ ಪಠ್ಯ ರೂಪಕ್ಕೆ ಬದಲಿಸಿಕೊಳ್ಳುವುದು ಲೇಸು. ತಾಳೆ ಸರಿಬಂದಿತೆಂದರೆ ಸಂಖ್ಯೆಯ ರಚನೆ ಸರಿಯಿದೆ ಎಂದಷ್ಟೇ ಅರ್ಥ. ಖಾತೆ ಯಾರದು, ಅದು ಚಾಲ್ತಿಯಲ್ಲಿದೆಯೇ ಎಂಬುದನ್ನು ಬ್ಯಾಂಕಿನಿಂದಲೇ ಖಚಿತಪಡಿಸಿಕೊಳ್ಳಬೇಕು.