ನಲವತ್ತೆರಡು ಅಂತ ಗೆರೆ ಎಳೆದುಕೊಂಡ ಮೇಲೆ

ಮದುವೆಯಾದಾಗ ನನಗೆ 37, ಅವರಿಗೆ 42. ಮಗುವಿನ ಮಾತು ಬಂದಾಗಲೆಲ್ಲ 'ನೋಡೋಣ' ಅಂದುಕೊಂಡೇ ಎರಡು ವರ್ಷ ಕಳೆದೆವು. ನನಗೆ 39 ತುಂಬಿದ ವಾರ, ಇನ್ನು ಹೀಗೆ ತಳ್ಳುವುದು ಬೇಡವೆಂದು ಒಂದು ಹಾಳೆ ಹಿಡಿದು ಕೂತೆವು.

ನಾಲ್ಕು ಸಾಲು ಬರೆದೆವು: ಮಗುವಿನ ವಯಸ್ಸು, ನನ್ನದು, ಅವರದು, ನಮ್ಮ ಹಿರಿಯರದು. ಮರುವರ್ಷವೇ ಹುಟ್ಟಿದರೂ ಮಗುವಿಗೆ 20 ಆಗುವಾಗ ನನಗೆ 60, ಅವರಿಗೆ 65. ಇಷ್ಟು ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ನಾನು ತಡೆದು ನಿಂತದ್ದು ನಾಲ್ಕನೇ ಸಾಲಿನಲ್ಲಿ. ಮಗುವಿಗೆ 5 ಆಗುವಾಗ ನನ್ನ ಅಮ್ಮನಿಗೆ 76, ಮಾವನವರಿಗೆ 82. ಶಾಲೆಗೆ ಬಿಡಬೇಕಾದ ಮಗು, ಆಸ್ಪತ್ರೆಗೆ ಕರೆದೊಯ್ಯಬೇಕಾದ ಹಿರಿಯರು, ಎರಡೂ ಒಂದೇ ಬೆಳಿಗ್ಗೆ ಎದುರಾಗಬಹುದು. ನಮ್ಮ ಮೊಣಕಾಲಿನ ಬಗ್ಗೆ ಯೋಚಿಸಿದ್ದ ನಾವು ಅವರದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆಮೇಲೆ ವೈದ್ಯರ ಬಳಿ ಹೋದೆವು. 30ರ ಹೊತ್ತಿಗೆ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸುಮಾರು ಶೇ. 20 ಇದ್ದರೆ, 40ಕ್ಕೆ ಅದು ಶೇ. 5ರ ಹತ್ತಿರ ಇಳಿಯುತ್ತದೆ ಅಂದರು. ಮಗುವಿಗೆ ಒಂದು ವರ್ಣತಂತು ಹೆಚ್ಚಿಗೆ ಬಂದು ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್‌ನ ಸಾಧ್ಯತೆ 30ರಲ್ಲಿ ಹೆಚ್ಚುಕಡಿಮೆ ಸಾವಿರಕ್ಕೆ ಒಂದು, 40ರಲ್ಲಿ ನೂರಕ್ಕೆ ಒಂದು. ಎಎಂಎಚ್ ಎಂಬ ಹಾರ್ಮೋನಿನ ನನ್ನ ರಕ್ತಪರೀಕ್ಷೆಯ ಫಲಿತಾಂಶ ಚೆನ್ನಾಗಿತ್ತು. ಖುಷಿಪಟ್ಟೆ. ಅದು ಅಂಡಾಣುಗಳು ಎಷ್ಟು ಉಳಿದಿವೆ ಎಂಬ ಅಂದಾಜು ಮಾತ್ರ, ಅವುಗಳ ಗುಣಮಟ್ಟವನ್ನು ತೀರ್ಮಾನಿಸುವುದು ವಯಸ್ಸು ಎಂದು ಅವರು ಬಿಡಿಸಿ ಹೇಳಿದರು. ಅಂಡಾಣು, ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸುವ ಐವಿಎಫ್ ಇದೆಯಲ್ಲ ಎಂಬ ನನ್ನ ಧೈರ್ಯಕ್ಕೂ ಅದೇ ಉತ್ತರ: ನಮ್ಮದೇ ಅಂಡಾಣುವಾದರೆ ಅದರ ವಯಸ್ಸನ್ನು ಐವಿಎಫ್ ಹಿಂದಕ್ಕೆ ತಿರುಗಿಸುವುದಿಲ್ಲ. ಗಂಡಸಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ, ವರ್ಷ ಕಳೆದಂತೆ ವೀರ್ಯಾಣುವಿನ ವಂಶವಾಹಿಗಳಲ್ಲಿ ಹೊಸ ರೂಪಾಂತರಗಳು ಹೆಚ್ಚುತ್ತವೆ. ಇದನ್ನು ಕೇಳಿ ಮನೆಯವರು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಆ ರಾತ್ರಿ ಹಾಳೆಯ ಕೆಳಗೆ ಗೆರೆ ಎಳೆದೆವು. ನನ್ನ 42ನೇ ಹುಟ್ಟುಹಬ್ಬದವರೆಗೆ ಪ್ರಯತ್ನ. ಆರು ತಿಂಗಳು ತಾನಾಗಿ, ಆಗದಿದ್ದರೆ ಐವಿಎಫ್, ಅದೂ ಎರಡೇ ಸಲ. ಬೇರೆಯವರ ಅಂಡಾಣು ಮನೆಯವರಿಗೆ ಒಪ್ಪಿಗೆಯಿತ್ತು, ನನಗಿರಲಿಲ್ಲ. ಜಗಳವೇ ಆಯಿತು. ಕೊನೆಗೆ ಬೇಡವೆಂದೇ ಬರೆದೆವು. ಯಾವಾಗ ನಿಲ್ಲಿಸಬೇಕು ಎನ್ನುವುದನ್ನು ಶುರುಮಾಡುವ ಮೊದಲೇ ತೀರ್ಮಾನಿಸಿದ್ದು ನಾವು ಮಾಡಿದ ಅತ್ಯಂತ ಸರಿಯಾದ ಕೆಲಸ ಎಂದು ಈಗಲೂ ನಂಬುತ್ತೇನೆ.

ಯಾಕೆಂದರೆ 40ರಲ್ಲಿ ತಾನಾಗಿ ನಿಂತ ಗರ್ಭ ಒಂಬತ್ತನೇ ವಾರದಲ್ಲಿ ಇಳಿದುಹೋಯಿತು. ಹಿಂದಿನ ಸ್ಕ್ಯಾನಿನಲ್ಲಿ ಎದೆಬಡಿತ ಕೇಳಿದ್ದೆವು. ಆ ದಿನಗಳಲ್ಲಿ ನನ್ನನ್ನು ಕೇಳಿದ್ದರೆ ಎಷ್ಟು ಸಲವಾದರೂ, ಯಾವ ವಯಸ್ಸಿನವರೆಗಾದರೂ ಸರಿ ಅನ್ನುತ್ತಿದ್ದೆ. ಅಂಥ ಹೊತ್ತಿನಲ್ಲಿ ತೀರ್ಮಾನ ಮಾಡಬಾರದು. ಹಾಳೆ ಕಪಾಟಿನಲ್ಲಿತ್ತು. ಮೂರು ತಿಂಗಳು ಸುಮ್ಮನಿದ್ದೆವು.

ಮೊದಲ ಐವಿಎಫ್‌ನಲ್ಲೇ ಗರ್ಭ ನಿಂತಿತು. ಬಸಿರಿನಲ್ಲಿ ಸಕ್ಕರೆ ಏರಿತು, ರಕ್ತದೊತ್ತಡಕ್ಕೆ ವಾರವಾರವೂ ತಪಾಸಣೆ. 42ಕ್ಕೆ ಇನ್ನೆರಡು ತಿಂಗಳಿರುವಾಗ ಮಗಳು ಹುಟ್ಟಿದಳು.

ಈಗ ಅವಳಿಗೆ ನಾಲ್ಕು. ಕಳೆದ ತಿಂಗಳು ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅದೇ ದಿನ ಮಗಳಿಗೆ ಜ್ವರ. ಹಾಳೆಯ ಹಿಂಬದಿಯಲ್ಲಿ, ಇಂಥ ದಿನಕ್ಕೆಂದು ಆವತ್ತೇ ಕೇಳಿ ಬರೆದುಕೊಂಡಿದ್ದ ನನ್ನ ತಂಗಿಯ ಹೆಸರಿತ್ತು. ಫೋನ್ ಮಾಡಿದೆ. ಅವಳು ಬಂದು ಮಗಳನ್ನು ಎತ್ತಿಕೊಂಡಳು. ನಾನು ಅಮ್ಮನ ಹತ್ತಿರ ಹೋದೆ.