ನಿಂತಲ್ಲೇ ನಡುಗುತ್ತಿದ್ದ ಪಿಕಪ್: ನನ್ನ ಅನುಭವ

ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ನನ್ನ ಪಿಕಪ್ 2018ರ ಮಾದರಿಯದು. ನಾಲ್ಕು ಸಿಲಿಂಡರ್‌ಗಳ, ಕಾಮನ್ ರೈಲ್ ವ್ಯವಸ್ಥೆಯ, ಅಂದರೆ ಭಾರಿ ಒತ್ತಡದ ಡೀಸೆಲ್ಲನ್ನು ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರುಗಳಿಗೂ ಹಂಚುವ, ಬಿಎಸ್-4 ಹೊಗೆ ಮಾನದಂಡದ ಡೀಸೆಲ್ ಎಂಜಿನ್. ಕಳೆದ ಮಳೆಗಾಲದಲ್ಲಿ ಅದು ಓಡುವಾಗ ಚೆನ್ನಾಗಿಯೇ ಇದ್ದು, ನಿಂತಾಗ ಮಾತ್ರ ನಡುಗಲು ಶುರುವಾಯಿತು. ಬೆಳಗಿನ ಜಾವ ಮಾರುಕಟ್ಟೆಯ ಮುಂದೆ ಸರದಿಯಲ್ಲಿ ನಿಂತಿರುವಾಗ ಪಕ್ಕದ ಕನ್ನಡಿಯಲ್ಲಿ ಹಿಂದಿನ ಗಾಡಿಯ ಒಂದೊಂದು ದೀಪವೂ ಎರಡೆರಡಾಗಿ ಕಾಣುತ್ತಿತ್ತು, ಗೇರ್ ಲಿವರ್ ತಾನಾಗಿ ಅಲ್ಲಾಡುತ್ತಿತ್ತು. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ 1200 ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ದಾಟಿಸಿದರೆ ಎಲ್ಲವೂ ಶಾಂತವಾಗುತ್ತಿತ್ತು.

ನಿಂತಲ್ಲೇ ನಡುಗುವ ಗಾಡಿಯಲ್ಲಿ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಅದರ ಕೀಲಾದ ಕ್ರಾಸ್, ಚಕ್ರಗಳ ಬ್ಯಾಲೆನ್ಸಿಂಗ್ ಇವುಗಳ ಗೊಡವೆಗೆ ಹೋಗಬೇಕಾಗಿಲ್ಲ, ಏಕೆಂದರೆ ಗಾಡಿ ಉರುಳದೆ ಅವು ಯಾವುವೂ ತಿರುಗುವುದಿಲ್ಲ. ಹಾಗಾಗಿ ನಾನು ಮೊದಲು ನೋಡಿದ್ದು ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ರಬ್ಬರಿನ ಎಂಜಿನ್ ಮೌಂಟಿಂಗ್‌ಗಳನ್ನು. ಬಾನೆಟ್ ತೆರೆದು, ಹ್ಯಾಂಡ್ ಬ್ರೇಕ್ ಎಳೆದು, ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ತಮ್ಮನಿಗೆ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಹಿಡಿತ ಸಿಗುವಷ್ಟು ಮಾತ್ರ ಬಿಡಲು ಹೇಳಿದೆ. ಎಂಜಿನ್ ಒಂದು ಬದಿಗೆ ಅತಿಯಾಗಿ ವಾಲಿತು. ಎಡಗಡೆಯ ಮೌಂಟಿಂಗ್‌ನ ರಬ್ಬರು ಲೋಹದಿಂದ ಕಿತ್ತುಬಂದಿತ್ತು. ಹೊಸದನ್ನು ಹಾಕಿಸಿದ ಮೇಲೆ ಕ್ಯಾಬಿನ್ನಿನೊಳಗಿನ ಗುಂಯ್ ಎನ್ನುವ ಕಂಪನ ಎಷ್ಟೋ ಕಡಿಮೆಯಾಯಿತು. ಆದರೆ ಎಂಜಿನ್ ಎಡವುತ್ತಿರುವಂಥ ಹೊಡೆತ ಹಾಗೆಯೇ ಉಳಿಯಿತು.

ಈ ಎರಡು ಬಗೆಯ ನಡುಕಗಳ ವ್ಯತ್ಯಾಸವನ್ನು ನಾನು ಆ ಹೊತ್ತಿಗೇ ಲೆಕ್ಕ ಹಾಕಿ ನೋಡಿದ್ದರೆ ಒಂದು ವಾರ ಉಳಿಯುತ್ತಿತ್ತು. 800 ಆರ್‌ಪಿಎಂನಲ್ಲಿ ತಿರುಗುವ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 400 ಬಾರಿ ಉರಿಯುತ್ತದೆ. ನಾಲ್ಕೂ ಸೇರಿದರೆ ಸೆಕೆಂಡಿಗೆ ಸುಮಾರು 27 ಹೊಡೆತಗಳು. ಅಷ್ಟು ವೇಗದ ಹೊಡೆತಗಳನ್ನು ಕೈ ಬಿಡಿಬಿಡಿಯಾಗಿ ಗುರುತಿಸಲಾರದು, ಅದು ಒಂದೇ ಸಮನಾದ ಅದಿರಾಟವಾಗಿ ಮಾತ್ರ ತಿಳಿಯುತ್ತದೆ. ಒಂದು ಸಿಲಿಂಡರ್ ಮಾತ್ರ ಸೋತಿದ್ದರೆ ಆ ಸೋಲು ಸೆಕೆಂಡಿಗೆ ಏಳಕ್ಕಿಂತ ಕಡಿಮೆ ಬಾರಿ ಮರುಕಳಿಸುತ್ತದೆ, ಮತ್ತು ಅದು ಕುಂಟುವ ಹೆಜ್ಜೆಯಂತೆ ಅಂಗೈಗೆ ಸ್ಪಷ್ಟವಾಗಿ ಸಿಗುತ್ತದೆ. ಎಂಜಿನ್ನಿನ ಮೇಲ್ಮುಚ್ಚಳವಾದ ರಾಕರ್ ಕವರಿನ ಮೇಲೆ ಬಟ್ಟೆಯಿಟ್ಟು ಅಂಗೈ ಊರಿದಾಗ ನನಗೆ ಸಿಕ್ಕಿದ್ದು ಆ ಕುಂಟು. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ ಗಾಡಿ ಮಿಸ್ಸಿಂಗ್ ಹೊಡೆಯುತ್ತಿತ್ತು.

ಡೀಸೆಲ್ ಫಿಲ್ಟರಿನ ತಳದಲ್ಲಿದ್ದ ನೀರನ್ನು ತೆಗೆದು, ಫಿಲ್ಟರನ್ನು ಬದಲಿಸಿದೆ. ಟ್ಯಾಂಕಿನಿಂದ ಬರುವ ಸಕ್ಷನ್ ಪೈಪಿನ ನಡುವೆ ಒಂದು ಗೇಣು ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಸೇರಿಸಿ ಗಾಳಿಗುಳ್ಳೆಗಳಿಗಾಗಿ ಕಾದೆ. ಸಕ್ಷನ್ ಭಾಗದಲ್ಲಿ ಸೋರಿಕೆಯಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆ ಗಾಳಿಯೇ ಒಳಗೆ ಹೋಗುವುದರಿಂದ ಹೊರಗಿನಿಂದ ನೋಡಿ ಪತ್ತೆಹಚ್ಚಲಾಗದು. ಗುಳ್ಳೆ ಬರಲಿಲ್ಲ. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಬಿಚ್ಚಿ ಮಸಿ ತೆಗೆದು ಮತ್ತೆ ಹಾಕಿದೆ. ಅದರಿಂದಲೂ ಬದಲಾವಣೆಯಿಲ್ಲ.

ಯಾವ ಸಿಲಿಂಡರ್ ಎಂದು ತಿಳಿಯುವ ಕೆಲಸದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ, ಹಳೆಯ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ನಾಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡುವ ಪದ್ಧತಿಯಿದೆ. ಕಾಮನ್ ರೈಲ್ ಎಂಜಿನ್ನಿನಲ್ಲಿ ಅದನ್ನು ಎಂದಿಗೂ ಮಾಡಬಾರದು. ಎಂಜಿನ್ ಲೋಡಿಲ್ಲದೆ ನಿಧಾನವಾಗಿ ಓಡುವ ಐಡ್ಲಿಂಗ್‌ನಲ್ಲಿಯೇ ರೈಲಿನೊಳಗೆ ನೂರಾರು ಬಾರ್ (ಒಂದು ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು), ಪೂರ್ಣ ಲೋಡಿನಲ್ಲಿ ಸಾವಿರಕ್ಕೂ ಮೀರಿದ ಬಾರ್ ಒತ್ತಡ ಇರುತ್ತದೆ; ಅಲ್ಲಿಂದ ಹೊಮ್ಮುವ ಕೂದಲೆಳೆಯಷ್ಟು ಡೀಸೆಲ್ ಚರ್ಮವನ್ನು ತೂರಿ ಮಾಂಸದೊಳಗೆ ಸೇರಬಲ್ಲದು. ಹೊರಗೆ ಸೂಜಿಮೊನೆಯಷ್ಟು ಗಾಯ ಕಂಡರೂ ಅದು ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ. ನಾನು ಎಂಜಿನ್ ನಿಲ್ಲಿಸಿ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಒಂದು ಇಂಜೆಕ್ಟರಿನ ವೈರ್ ಕನೆಕ್ಟರನ್ನು ಮಾತ್ರ ತೆಗೆದು, ಮತ್ತೆ ಸ್ಟಾರ್ಟ್ ಮಾಡಿ ಕೇಳಿದೆ; ಅದೇ ರೀತಿ ನಾಲ್ಕು ಸಲ. ಓಡುತ್ತಿರುವಾಗ ಈ ಕನೆಕ್ಟರ್‌ಗಳನ್ನೂ ಮುಟ್ಟಬಾರದು, ಬ್ಯಾಟರಿಯ 12 ವೋಲ್ಟ್‌ಗಿಂತ ಹಲವು ಪಟ್ಟು ಹೆಚ್ಚಿನ ವೋಲ್ಟೇಜು ಅಲ್ಲಿ ಬರುತ್ತದೆ. ಒಂದು, ಎರಡು, ನಾಲ್ಕನೆಯದನ್ನು ತೆಗೆದಾಗ ಎಂಜಿನ್ ಇನ್ನಷ್ಟು ಕುಲುಕಿತು. ಮೂರನೆಯದನ್ನು ತೆಗೆದಾಗ ಹೆಚ್ಚುಕಡಿಮೆ ಏನೂ ಆಗಲಿಲ್ಲ, ಅಂದರೆ ಸೋತ ಸಿಲಿಂಡರ್ ಅದೇ.

ಮೂರನೆಯ ಇಂಜೆಕ್ಟರ್ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ತರಲು ಹೊರಟಿದ್ದವನು ನಾನು. ಬೆಲೆ ಕೇಳಿ ಹಿಂದೆಗೆದು, ಇಂಜೆಕ್ಟರುಗಳಲ್ಲಿ ಮಿಕ್ಕ ಡೀಸೆಲ್ಲನ್ನು ಮರಳಿಸುವ ರಿಟರ್ನ್ ಪೈಪುಗಳಿಗೆ ಒಂದೇ ಅಳತೆಯ ನಾಲ್ಕು ಬಾಟಲಿಗಳನ್ನು ಕಟ್ಟಿ ಐದು ನಿಮಿಷ ಐಡ್ಲಿಂಗ್‌ನಲ್ಲಿ ಓಡಿಸಿದೆ. ನಾಲ್ಕರಲ್ಲೂ ಡೀಸೆಲ್ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತುಂಬಿತು; ಮೂರನೆಯದು ಒಳಗೇ ಸೋರುತ್ತಿದ್ದರೆ ಅದರ ಬಾಟಲಿ ಹೆಚ್ಚು ತುಂಬಬೇಕಿತ್ತು. ಇಂಜೆಕ್ಟರ್ ಸಂಪೂರ್ಣ ನಿರ್ದೋಷಿ ಎನ್ನುವುದಕ್ಕೆ ಇಷ್ಟೇ ಸಾಲದು, ಆದರೆ ಕೈಯಲ್ಲಿದ್ದ ಹಣವನ್ನು ತಡೆಹಿಡಿಯುವುದಕ್ಕೆ ಸಾಕು.

ಮುಂದಿನದು ಕಂಪ್ರೆಷನ್ ಪರೀಕ್ಷೆ, ಅಂದರೆ ಪಿಸ್ಟನ್ ಸಿಲಿಂಡರಿನೊಳಗಿನ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂಬ ಅಳತೆ. ಎಂಜಿನ್ ಬಿಸಿಯಿರುವಾಗ, ಚಳಿಯಲ್ಲಿ ಸ್ಟಾರ್ಟ್ ಆಗಲು ಸಿಲಿಂಡರನ್ನು ಕಾಯಿಸುವ ಹೀಟರ್ ಪ್ಲಗ್‌ಗಳನ್ನೆಲ್ಲ ತೆಗೆದು, ಡೀಸೆಲ್ ಸಿಂಪಡಣೆಯಾಗದಂತೆ ಇಂಜೆಕ್ಟರ್‌ಗಳ ಕನೆಕ್ಟರ್ ಬಿಚ್ಚಿ, ಒಂದೊಂದಕ್ಕೂ ಗೇಜ್ ಕೂರಿಸಿ ಸೆಲ್ಫ್ ಹೊಡೆದೆವು. 27, 26, 19, 27 ಬಾರ್. ಸಿಲಿಂಡರ್‌ಗಳ ನಡುವೆ ಶೇಕಡ 10ರ ಆಸುಪಾಸಿನ ಅಂತರವನ್ನು ಒಪ್ಪಬಹುದು. ಇದು ಅದಕ್ಕಿಂತ ಬಹಳ ಹೆಚ್ಚು. ನಾನು ಗೇಜ್ ತಂದಿದ್ದ ಗ್ಯಾರೇಜಿನವರು ಕೂಡಲೇ ಬೋರ್ ಕೆಲಸಕ್ಕೆ (ಸವೆದ ಸಿಲಿಂಡರಿನ ಒಳಗೋಡೆಯನ್ನು ಸರಿಪಡಿಸುವುದಕ್ಕೆ) ಬಂದಿದೆ, ಎಂಜಿನ್ ಇಳಿಸೋಣ ಎಂದರು. ಅವರ ಮಾತಿನಲ್ಲಿ ತರ್ಕವಿಲ್ಲದಿರಲಿಲ್ಲ. ಆದರೆ ಗಾಡಿ ಆಯಿಲ್ ಕುಡಿಯುತ್ತಿರಲಿಲ್ಲ, ನೀಲಿ ಹೊಗೆಯಿರಲಿಲ್ಲ, ಆಯಿಲ್ ಮುಚ್ಚಳ ತೆರೆದರೆ ರಭಸದ ಉಸಿರೂ ಇರಲಿಲ್ಲ. ಪಿಸ್ಟನ್ನಿನ ಸುತ್ತ ಗಾಳಿ ತಡೆಯುವ ರಿಂಗ್ ಹೋದ ಎಂಜಿನ್ ಹೀಗಿರುವುದಿಲ್ಲ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ನಮ್ಮೂರಿನಲ್ಲಿ ಟ್ರ್ಯಾಕ್ಟರ್ ಕೆಲಸ ಮಾಡಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರಲ್ಲಿಗೆ ಹೋಗಿ ಅಂಕಿಗಳನ್ನು ಹೇಳಿದಾಗ, "ಗಾಳಿ ಹೋಗ್ತಾ ಇದೆ ಅಂತ ಗೊತ್ತಾಯ್ತಲ್ಲಪ್ಪ, ಎಲ್ಲಿಂದ ಹೋಗ್ತಾ ಇದೆ ಅಂತ ನೋಡಿದೆಯಾ?" ಎಂದು ಕೇಳಿದರು. ನಾನು ನೋಡಿರಲಿಲ್ಲ.

ಮರುದಿನ ಮೂರನೆಯ ಪಿಸ್ಟನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು ನಿಲ್ಲಿಸಿದೆ. ಆಗ ಎರಡೂ ವಾಲ್ವ್‌ಗಳು ಮುಚ್ಚಿರುತ್ತವೆ. ಟಾಪ್ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟೆ, ಇಲ್ಲದಿದ್ದರೆ ಗಾಳಿಯ ಒತ್ತಡಕ್ಕೆ ಎಂಜಿನ್ ತಿರುಗಿ ಕೈಗೆ ಪೆಟ್ಟಾಗಬಹುದು. ಕಂಪ್ರೆಷನ್ ಗೇಜಿನ ಪೈಪಿನೊಳಗಿನ ವಾಲ್ವ್ ಪಿನ್ ತೆಗೆದು, ಹೀಟರ್ ಪ್ಲಗ್ಗಿನ ರಂಧ್ರದ ಮೂಲಕ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಬಿಟ್ಟು, ಕಿವಿಗೊಟ್ಟು ಕೇಳಿದೆ. ಆಯಿಲ್ ಮುಚ್ಚಳದಲ್ಲಿ ಸದ್ದು ಬಂದರೆ ರಿಂಗ್, ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರಿನ ಕಡೆ ಬಂದರೆ ಇನ್‌ಟೇಕ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಈ ನಾಲ್ಕೂ ಕಡೆ ಏನೂ ಇರಲಿಲ್ಲ, ಆದರೂ ಎಲ್ಲೋ ಸುಯ್ ಎನ್ನುತ್ತಿತ್ತು. ಸೋಪಿನ ನೀರನ್ನು ಮೂರನೆಯ ಇಂಜೆಕ್ಟರಿನ ಬುಡಕ್ಕೆ ಸುರಿದಾಗ ಅಲ್ಲಿ ಬಿಳಿ ನೊರೆ ಉಕ್ಕಿತು. ಆ ನೊರೆಯನ್ನು ಕಂಡಾಗ ಆದ ನೆಮ್ಮದಿ ಇಂದಿಗೂ ನೆನಪಿದೆ.

ಇಂಜೆಕ್ಟರಿನ ತುದಿಗೂ ಸಿಲಿಂಡರ್ ಹೆಡ್ಡಿಗೂ ನಡುವೆ ಕೂರುವ ತಾಮ್ರದ ವಾಷರ್ ಸೋರುತ್ತಿತ್ತು. ಎಂಟು ತಿಂಗಳ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಇಂಜೆಕ್ಟರ್‌ಗಳನ್ನು ಬಿಚ್ಚಿ ಸರ್ವಿಸ್ ಮಾಡಿಸಿದ್ದೆ. ಹಳೆಯ ವಾಷರ್‌ಗಳನ್ನೇ ಮತ್ತೆ ಹಾಕಿದ್ದರು. ತಾಮ್ರ ಒಮ್ಮೆ ಒತ್ತಿಗೆ ಸಿಕ್ಕಿ ಚಪ್ಪಟೆಯಾದರೆ ಎರಡನೆಯ ಸಲ ಅದೇ ರೀತಿ ಹೊಂದಿಕೊಂಡು ಕೂರುವುದಿಲ್ಲ. ಆ ಸಂದಿನಿಂದ ಬಿಸಿ ಅನಿಲ ನುಸುಳಿ ನುಸುಳಿ ಇಂಜೆಕ್ಟರಿನ ಸುತ್ತ ಡಾಂಬರಿನಂಥ ಕಪ್ಪು ಗಸಿ ಕಟ್ಟಿತ್ತು. ಅದನ್ನು ಮೊದಲ ದಿನವೇ ಕಂಡಿದ್ದರೂ ಡೀಸೆಲ್ ಜಿಡ್ಡು ಎಂದುಕೊಂಡು ಒರೆಸಿಬಿಟ್ಟಿದ್ದೆ.

ಗಸಿಯಲ್ಲಿ ಹೂತಿದ್ದ ಇಂಜೆಕ್ಟರನ್ನು ತೆಗೆಯಲು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪುಲ್ಲರಿನಿಂದ ಎತ್ತಬೇಕಾಯಿತು. ಹೆಡ್ಡಿನ ರಂಧ್ರಕ್ಕೆ ಗ್ರೀಸ್ ಹಚ್ಚಿದ ಬಟ್ಟೆಯ ಬಿರಡೆ ಕೊಟ್ಟು, ಸೀಟ್ ಕಟರಿನಿಂದ ಇಂಗಾಲವನ್ನು ಹೆರೆದು, ಲೋಹ ಬೆಳ್ಳಗೆ ಹೊಳೆಯುವವರೆಗೆ ಒರೆಸಿದೆ. ವಾಷರ್ ಕೂರುವ ಈ ಸೀಟ್ ಸ್ವಚ್ಛವಾಗಿಲ್ಲದಿದ್ದರೆ ಹೊಸ ವಾಷರ್ ಹಾಕಿಯೂ ಪ್ರಯೋಜನವಿಲ್ಲ. ಹೊಸ ವಾಷರ್, ಹೊಸ ಕ್ಲ್ಯಾಂಪ್ ಬೋಲ್ಟ್, ಹೊಸ ಪ್ರೆಷರ್ ಪೈಪ್ ಹಾಕಿ, ಕೈಪಿಡಿಯಲ್ಲಿದ್ದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿದೆ. ಇಂಜೆಕ್ಟರಿನ ಮೇಲಿರುವ ಕೋಡ್ ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿನಲ್ಲಿ ಆಯಾ ಸಿಲಿಂಡರಿನ ಹೆಸರಿಗೆ ದಾಖಲಾಗಿರುವುದರಿಂದ ಅದನ್ನು ಮೂರನೆಯದರಲ್ಲಿಯೇ ಕೂರಿಸಿದೆ.

ಮೂರನೆಯ ಸಿಲಿಂಡರ್ 26 ಬಾರ್ ತೋರಿಸಿತು, ಕುಂಟು ನಿಂತಿತು. ಎರಡು ವಾರಗಳ ಮೇಲೆ ಉಳಿದ ಮೂರಕ್ಕೂ ಸೋಪಿನ ನೀರು ಬಿಟ್ಟು ನೋಡಿದಾಗ ಎರಡನೆಯದರ ಬುಡದಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಏಳುತ್ತಿದ್ದವು. ಅವೂ ಅದೇ ಹಳೆಯ ವಾಷರ್‌ಗಳೇ ಆಗಿದ್ದರಿಂದ, ಮುಂದಿನ ಭಾನುವಾರ ಬಾಡಿಗೆ ಒಪ್ಪಿಕೊಳ್ಳದೆ ಆ ಮೂರನ್ನೂ ಬದಲಿಸಿದೆ.