ಹಳೆ ಜೀಪಿಗೆ ಅಗ್ಗದ ಬಿಡಿಭಾಗ: ಯಾವುದು ಆದೀತು, ಯಾವುದು ಬೇಡ

ಹೆಬ್ರಿಯ ಹತ್ತಿರ ನಮ್ಮ ಮನೆ. ಅಂಗಳದ ಮೂಲೆಯಲ್ಲಿ 1972ರ ಮಹೀಂದ್ರ ಸಿಜೆ-3ಬಿ ಜೀಪು ನಿಂತಿದೆ. ಅಪ್ಪ ತಂದದ್ದು. ಎತ್ತರ ಬಾನೆಟ್ಟಿನ ಪೆಟ್ರೋಲ್ ಗಾಡಿ. ಇದರ ಎಂಜಿನ್ನಿನ ಹೆಸರು ಹರಿಕೇನ್, ಅದು ಹಿಂದಿನ ಜೀಪುಗಳ ಎಂಜಿನ್ನಿಗಿಂತ ಎತ್ತರ. ಅದು ಕೂರಲಿ ಎಂದೇ ಬಾನೆಟ್ಟನ್ನೂ ಎತ್ತರಿಸಿದರು. ಅಪ್ಪ ಇದರಲ್ಲಿ ಅಡಿಕೆ ಮೂಟೆ ಹೇರುತ್ತಿದ್ದರು. ನಾನು ಗೊಬ್ಬರ ತರುತ್ತೇನೆ. ಜುಲೈಯಲ್ಲಿ ನಮ್ಮ ತೋಟದ ಕೆಸರು ದಾರಿ ಹತ್ತುವ ಗಾಡಿ ಮನೆಯಲ್ಲಿ ಇದೊಂದೇ. ಶೋಕಿಗೆ ಇಟ್ಟದ್ದಲ್ಲ, ದುಡಿಯುವ ಗಾಡಿ.

ಇಂಥ ಜೀಪಿಗೆ ಕಂಪನಿಯ ಬಿಡಿಭಾಗ ಈಗ ಸುಲಭಕ್ಕೆ ಸಿಗುವುದಿಲ್ಲ. ಸಿಗುವುದರಲ್ಲಿ ಹೆಚ್ಚಿನದು ಲೋಕಲ್ ಮಾಲು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಪಾರ್ಸೆಲ್ ಬರುತ್ತದೆ. ಹರಿಯಾಣದ ಮಂಡಿ ಡಬ್ವಾಲಿಯಿಂದ ಇಡೀ ಬಾಡಿಯನ್ನೇ ಲಾರಿಯಲ್ಲಿ ತರಿಸುವವರಿದ್ದಾರೆ. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತದೆ. ಅದೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನನ್ನ ಜೀಪಿನಲ್ಲೂ ಅರ್ಧಕ್ಕಿಂತ ಜಾಸ್ತಿ ಅಂಥದ್ದೇ ಇದೆ. ಆದರೆ ಎಲ್ಲಿ ಹಾಕಬಾರದು ಎಂಬುದು ನನಗೆ ಆಗುಂಬೆ ಘಾಟಿಯಲ್ಲಿ ಗೊತ್ತಾಯಿತು.

ಆಗ ಒಂದು ಅಂಗಡಿಯಿಂದ ನಾಲ್ಕೂ ಚಕ್ರಕ್ಕೆ ಹೊಸ ವೀಲ್ ಸಿಲಿಂಡರ್ ತಂದಿದ್ದೆ. ಪೆಡಲ್ ಒತ್ತಿದಾಗ ಆಯಿಲಿನ ಒತ್ತಡದಿಂದ ಬ್ರೇಕ್ ಶೂಗಳನ್ನು ಚಕ್ರದ ಡ್ರಮ್ಮಿಗೆ ತಳ್ಳುವ ಭಾಗ ಅದು. ಒರಿಜಿನಲ್ಲಿನ ಮೂರನೇ ಒಂದು ಪಾಲು ಬೆಲೆ. ನಾಲ್ಕು ತಿಂಗಳು ಚೆನ್ನಾಗಿಯೇ ಇತ್ತು. ಒಂದು ಸಂಜೆ ತೀರ್ಥಹಳ್ಳಿಯಿಂದ ವಾಪಸ್ ಬರುತ್ತಿದ್ದೆ, ಪಕ್ಕದಲ್ಲಿ ಮಗಳಿದ್ದಳು. ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಅರ್ಧ ಇಳಿದಿದ್ದೆವು. ಪೆಡಲ್ ಒತ್ತಿದೆ, ಸೀದಾ ನೆಲಕ್ಕೆ ಹೋಯಿತು. ಎರಡನೇ ಗೇರಿನಲ್ಲಿ ಇಳಿಯುತ್ತಿದ್ದೆ, ಅದು ಉಳಿಸಿತು. ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಈ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಹಿಂದಿನ ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು ಹಿಡಿಯುತ್ತದೆ. ಬ್ರೇಕ್ ಆಯಿಲ್ ಪೂರ್ತಿ ಹೋದರೂ ಅದು ಕೆಲಸ ಮಾಡುತ್ತದೆ. ಮಗಳು ಒಂದು ಮಾತೂ ಆಡಲಿಲ್ಲ. ನನ್ನ ಕೈ ನಡುಗುವುದು ನಿಲ್ಲಲು ತುಂಬಾ ಹೊತ್ತು ಹಿಡಿಯಿತು.

ಬಿಚ್ಚಿ ನೋಡಿದರೆ ಹಿಂದಿನ ಒಂದು ಸಿಲಿಂಡರಿನೊಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ ಉಬ್ಬಿ, ಮೆತ್ತಗಾಗಿ, ಅಂಚು ಹರಿದಿತ್ತು. ಹಳೆ ಜೀಪಿನ ಬ್ರೇಕಿಗೆ ಒಂದೇ ಲೈನು. ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಈಗಿನ ಕಾರುಗಳಂತೆ ಎರಡು ಲೈನು ಇಲ್ಲ.

ಕಾರ್ಕಳದ ನಮ್ಮ ಮೇಸ್ತ್ರಿ ಆ ಕಪ್ಪನ್ನು ಕೈಯಲ್ಲಿ ಹಿಡಿದು ಕೇಳಿದ ಪ್ರಶ್ನೆಯನ್ನೇ ನಾನು ಇವತ್ತಿಗೂ ಪ್ರತಿ ಬಿಡಿಭಾಗಕ್ಕೂ ಕೇಳುತ್ತೇನೆ. "ಇದು ಹಾಳಾದ್ರೆ ಜೀಪು ನಿಲ್ತದಾ, ನಿಲ್ಲದೆ ಹೋಗ್ತದಾ? ಅದೊಂದು ಹೇಳಿ ಮಾರಾಯ್ರೇ."

ಡೈನಮೊ ಹೋದರೆ ಜೀಪು ನಿಲ್ಲುತ್ತದೆ. ಕಾಯಿಲ್ ಹೋದರೆ, ವಾಟರ್ ಪಂಪ್ ಹೋದರೆ ನಿಲ್ಲುತ್ತದೆ. ಕಿರಿಕಿರಿ ಹೌದು, ಜೀವಕ್ಕೆ ಅಪಾಯ ಇಲ್ಲ. ಇವುಗಳಲ್ಲಿ ಅಗ್ಗದ್ದು ಹಾಕಿ ನೋಡಬಹುದು. ಬ್ರೇಕ್, ಸ್ಟೇರಿಂಗ್, ಚಕ್ರದ ಬೋಲ್ಟು, ಸ್ಪ್ರಿಂಗ್ ಪಟ್ಟಿಯ ಯು ಬೋಲ್ಟು ಹೋದರೆ ಜೀಪು ನಿಲ್ಲುವುದಿಲ್ಲ. ಅಲ್ಲಿ ದುಡ್ಡು ಉಳಿಸಬೇಡಿ. ಪೆಟ್ರೋಲ್ ಪೈಪನ್ನೂ ಇದೇ ಗುಂಪಿಗೆ ಸೇರಿಸಿ. ಅದು ಸೋರಿದರೆ ಬೆಂಕಿ.

ಅಗ್ಗದ್ದು ಧೈರ್ಯವಾಗಿ ಹಾಕಬಹುದಾದವು ಬೇಕಾದಷ್ಟಿವೆ. 7 ಇಂಚಿನ ದುಂಡು ಹೆಡ್‌ಲೈಟ್, ಹಿಂದಿನ ಲೈಟು, ಕನ್ನಡಿ, ಬಾನೆಟ್ ಕ್ಲಿಪ್ಪು, ಹುಡ್, ಸೀಟಿನ ಬಟ್ಟೆ, ಮ್ಯಾಟು. ಒಂದೇ ಮಾತು: ನಮ್ಮ ಕರಾವಳಿಯ ಉಪ್ಪು ಗಾಳಿಗೆ ಅಗ್ಗದ ಕ್ರೋಮ್ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಪೇಂಟ್ ಹೊಡೆದದ್ದನ್ನೇ ತೆಗೆದುಕೊಳ್ಳಿ. ಬಾಡಿಯ ತಗಡು ತರಿಸಿದರೆ ಅದರ ಮೇಲಿನ ಕಪ್ಪು ಬಣ್ಣವನ್ನು ನಂಬಬೇಡಿ. ಎಷ್ಟೋ ಸಲ ತುಕ್ಕಿನ ಮೇಲೆಯೇ ಹೊಡೆದಿರುತ್ತಾರೆ. ಪೂರ್ತಿ ಕೆರೆದು, ಜಿಂಕ್ ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ನೀರು ಇಳಿಯುವ ತೂತುಗಳು ಮುಚ್ಚಿಹೋಗಿವೆಯೇ ನೋಡಿ.

ಇನ್ನು ಬೇರಿಂಗ್. ಹೊಸಬರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬೇರಿಂಗನ್ನು ಜೀಪಿನ ಅಂಗಡಿಯಲ್ಲಿ ಕೇಳಬೇಡಿ. ಹಳೆ ಬೇರಿಂಗ್ ಒರೆಸಿ, ಅದರ ಮೇಲೆ ಕೆತ್ತಿದ ನಂಬರ್ ಓದಿ. ಮುಂದಿನ ಚಕ್ರದ ನಡುವಿನ ಹಬ್ಬಿನಲ್ಲಿ 18590 ಎಂದು ಕೋನಿನ (ಬೇರಿಂಗಿನ ಒಳಭಾಗ) ಮೇಲೆ, 18520 ಎಂದು ಕಪ್ಪಿನ (ಹೊರಗಿನ ಬಳೆ) ಮೇಲೆ ಇರುತ್ತದೆ. ಆ ನಂಬರ್ ಹಿಡಿದು ಮಂಗಳೂರಿನಲ್ಲೋ ಉಡುಪಿಯಲ್ಲೋ ಬೇರಿಂಗ್ ಮಾತ್ರ ಮಾರುವ ಅಂಗಡಿಗೆ ಹೋಗಿ. ಅದೇ ಅಳತೆಯದ್ದನ್ನು ದೊಡ್ಡ ಬೇರಿಂಗ್ ಕಂಪನಿಗಳು ಈಗಲೂ ಮಾಡುತ್ತವೆ. ಜೀಪಿನದ್ದು ಎಂದು ಹೇಳಿ ಡಬ್ಬಿಯಲ್ಲಿ ಕೊಡುವ ಹೆಸರಿಲ್ಲದ ಬೇರಿಂಗಿಗಿಂತ ಅದು ಎಷ್ಟೋ ಮೇಲು. ಶಾಫ್ಟಿನ ಸುತ್ತ ಆಯಿಲ್ ಸೋರದಂತೆ ಹಿಡಿಯುವ ಬಳೆ, ಅಂದರೆ ಆಯಿಲ್ ಸೀಲಿಗೂ ಇದೇ ದಾರಿ. ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ, ಈ ಮೂರು ಗೊತ್ತಿದ್ದರೆ ಸಾಕು. ಹಳೆ ಶಾಫ್ಟಿನ ಮೇಲೆ ಸೀಲ್ ಉಜ್ಜಿ ಗೆರೆ ಬಿದ್ದಿದ್ದರೆ, ಜಾಗ ಇದ್ದಲ್ಲಿ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಒಳಗೆ ಕೂರಿಸಿ. ಸೀಲಿನ ರಬ್ಬರ್ ತುಟಿ ಹೊಸ ಜಾಗದ ಮೇಲೆ ಕೂರುತ್ತದೆ, ಸೋರುವುದು ನಿಲ್ಲುತ್ತದೆ.

ಜೋಡಿಸುವ ಮೊದಲು ಪರೀಕ್ಷೆ ಮಾಡಿ. ಇದಕ್ಕೆ ಬೇಕಾದದ್ದು ಸಣ್ಣ ಅಳತೆ ನೋಡುವ ಒಂದು ವರ್ನಿಯರ್, ಒಂದು ಅರ, ಎರಡು ಗಾಜಿನ ಬಾಟಲಿ, ಸ್ವಲ್ಪ ತಾಳ್ಮೆ.

ರಬ್ಬರಿಗೆ ಬಾಟಲಿ. ಬ್ರೇಕಿನ ರಬ್ಬರ್ ಕಪ್ಪನ್ನು ವರ್ನಿಯರಿನಲ್ಲಿ ಅಳೆದು, ಹೊಸ ಡಾಟ್ 3 ಬ್ರೇಕ್ ಆಯಿಲಿನಲ್ಲಿ ಎರಡು ದಿನ ಮುಳುಗಿಸಿಡಿ. ತೆಗೆದು ಮತ್ತೆ ಅಳೆಯಿರಿ. ಎದ್ದು ಕಾಣುವಷ್ಟು ಉಬ್ಬಿದ್ದರೆ, ಬೆರಳಿಗೆ ಮಸಿ ಹತ್ತಿದರೆ ಬೇಡ. ಪಾಸಾದ ಮಾಲಿಗೆ ಸರ್ಟಿಫಿಕೇಟ್ ಸಿಕ್ಕಂತಲ್ಲ, ಆದರೆ ತೀರಾ ಕೆಟ್ಟದ್ದು ಇಲ್ಲೇ ಸಿಕ್ಕಿಬೀಳುತ್ತದೆ. ಬ್ರೇಕಿನ ಕಪ್ಪನ್ನು ಎಂಜಿನ್ ಆಯಿಲಿನಲ್ಲೋ ಡೀಸೆಲಿನಲ್ಲೋ ಹಾಕಬೇಡಿ, ಒಳ್ಳೆಯ ಬ್ರೇಕ್ ರಬ್ಬರೂ ಅದರಲ್ಲಿ ಉಬ್ಬುತ್ತದೆ. ಅದೇ ಕಾರಣಕ್ಕೆ ಜೋಡಿಸುವಾಗ ಕಪ್ಪಿಗೆ ಸಾದಾ ಗ್ರೀಸ್ ಸವರಲೇಬಾರದು, ಬ್ರೇಕ್ ಆಯಿಲನ್ನೇ ಸವರಿ. ಆಯಿಲ್ ಸೀಲಿಗೆ ಇದರ ಉಲ್ಟಾ, ಅದನ್ನು ಎಂಜಿನ್ ಆಯಿಲಿನಲ್ಲೇ ನೆನೆಸಿ ನೋಡಬೇಕು.

ಪೆಟ್ರೋಲ್ ಪೈಪಿನ ವಿಷಯ ಈಗ ಮೊದಲಿಗಿಂತ ಮುಖ್ಯ. ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬರುತ್ತಿದೆ. 1972ರಲ್ಲಿ ಇದನ್ನು ಯಾರೂ ಎಣಿಸಿರಲಿಲ್ಲ. ಹಳೆ ರಬ್ಬರೂ ಅಗ್ಗದ ರಬ್ಬರೂ ಅದರಲ್ಲಿ ಬೇಗ ಕೆಡುತ್ತವೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಮ್ಮಿನ (ಒಳಗಿನ ತೆಳು ಪರದೆ) ಕಥೆಯೂ ಅದೇ. ಒಂದು ತುಂಡು ಪೈಪು, ಒಂದು ಹೊಸ ಡಯಾಫ್ರಮ್, ಎರಡನ್ನೂ ಬಂಕಿನ ಪೆಟ್ರೋಲಿನಲ್ಲೇ ಒಂದು ವಾರ ಇಡಿ. ಮನೆಯ ಹೊರಗೆ, ಒಲೆಯಿಂದ ದೂರ, ಮುಚ್ಚಳ ಹಾಕಿ ಇಡಿ. ಪೆಟ್ರೋಲ್ ಕಪ್ಪಾದರೆ, ಪೈಪು ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಅದನ್ನು ಜೀಪಿಗೆ ಹಾಕಬೇಡಿ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಕಬ್ಬಿಣಕ್ಕೆ ಅರ. ಸ್ಪ್ರಿಂಗ್ ಪಟ್ಟಿಯ ತುದಿ ಹಿಡಿಯುವ ಶ್ಯಾಕಲ್ ಪಿನ್ನು, ಚಕ್ರದ ಕಡೆಗೆ ಶಕ್ತಿ ಒಯ್ಯುವ ಪ್ರಾಪೆಲ್ಲರ್ ಶಾಫ್ಟಿನ ಕ್ರಾಸು, ಇಂಥವು ಮೇಲ್ಮೈ ಗಟ್ಟಿ ಮಾಡಿದ ಉಕ್ಕು ಆಗಿರಬೇಕು. ಬೇರಿಂಗ್ ಕೂರುವ ಜಾಗ ಬಿಟ್ಟು, ತುದಿಯಲ್ಲಿ ಅರ ಎಳೆಯಿರಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಒಳ್ಳೆಯದು. ಅರ ಕಚ್ಚಿ ಪುಡಿ ಬಂದರೆ ಅದು ಮೆದು ಕಬ್ಬಿಣ, ಬೇಗ ಸವೆದು ಗಡಗಡ ಶುರುವಾಗುತ್ತದೆ. ಅಂಗಡಿಯಲ್ಲೇ ಅರ ತೆಗೆಯಲು ಸಂಕೋಚ ಆಗುತ್ತದೆ, ನನಗೂ ಆಗುತ್ತಿತ್ತು. ಮೊದಲೇ ಕೇಳಿ, ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.

ಬೋಲ್ಟಿನ ತಲೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಈ ಜೀಪು ಇಂಚಿನ ಲೆಕ್ಕದ್ದು. ತಲೆಯ ಮೇಲೆ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಗೆರೆಯೇ ಇಲ್ಲದ್ದನ್ನು ಸ್ಟೇರಿಂಗಿಗೆ, ಸ್ಪ್ರಿಂಗಿಗೆ ಹಾಕಬೇಡಿ. ಲೋಕಲ್ ಕಿಟ್ಟಿನಲ್ಲಿ ಎಂಎಂ ಬೋಲ್ಟು ಸೇರಿಕೊಂಡಿರುತ್ತದೆ. 5/16 ಇಂಚಿನ ಬೋಲ್ಟು 7.94 ಮಿಲಿಮೀಟರ್, ಎಂ8ರ ಅಳತೆ 8. ಕಣ್ಣಿಗೆ ಒಂದೇ. ಥ್ರೆಡ್ ಬೇರೆ. ಕೈಯಲ್ಲಿ ಎರಡು ಸುತ್ತು ಹೋಗಿ ಬಿಗಿಯಾಯಿತು ಎಂದರೆ ಅಲ್ಲೇ ನಿಲ್ಲಿಸಿ. ಪಾನ (ಸ್ಪ್ಯಾನರ್) ಹಾಕಿ ತಿರುಗಿಸಿದರೆ ಐವತ್ತು ವರ್ಷದ ಹೌಸಿಂಗಿನ ಥ್ರೆಡ್ ಹಾಳಾಗುತ್ತದೆ. ಮತ್ತೊಂದು, ಹಳೆ ಜೀಪಿನ ಎಡಬದಿಯ ಚಕ್ರದ ಬೋಲ್ಟಿಗೆ ಎಡ ಥ್ರೆಡ್, ಅಂದರೆ ಉಲ್ಟಾ ತಿರುಗಿಸಿ ಬಿಗಿ ಮಾಡುವಂಥದ್ದು. ಕೇಳಿ ತರದಿದ್ದರೆ ಅಂಗಡಿಯವರು ಸಾಮಾನ್ಯವಾಗಿ ಬಲ ಥ್ರೆಡ್ಡಿನದನ್ನೇ ಕೊಡುತ್ತಾರೆ.

ನನ್ನ ಅನುಭವದಲ್ಲಿ ಅಗ್ಗದ ಹೊಸದಕ್ಕಿಂತ ರಿಪೇರಿ ಮಾಡಿದ ಹಳೆಯದು ಎಷ್ಟೋ ಸಲ ಒಳ್ಳೆಯದು. ಹಳೆ ಎರಕ ಗಟ್ಟಿ ಇರುತ್ತದೆ. ಘಾಟಿಯ ಘಟನೆ ಆದ ಮೇಲೆ ನಾನು ಆ ಹೊಸ ಸಿಲಿಂಡರುಗಳನ್ನು ಬಿಸಾಡಿ, ಗುಜರಿಗೆ ಕೊಡದೆ ಇಟ್ಟಿದ್ದ ಹಳೆಯವನ್ನೇ ಲೇತಿನವರ ಹತ್ತಿರ ಕೊಟ್ಟೆ. ಒಳಗೆ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ, ಒಳ್ಳೆಯ ಕಂಪನಿಯ ಕಪ್ ಹಾಕಿದೆ. ಸ್ಟೇನ್‌ಲೆಸ್‌ಗೆ ನಮ್ಮ ತೇವದಲ್ಲೂ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಬ್ರೇಕ್ ಶೂ ಕೂಡ ಹಾಗೆಯೇ. ಹಳೆ ಶೂವಿಗೇ ಹೊಸ ಲೈನರ್ (ಡ್ರಮ್ಮಿಗೆ ಉಜ್ಜುವ ಪಟ್ಟಿ) ರಿವೆಟ್ ಹೊಡೆಸಿ. ರಿವೆಟ್ಟಿನ ತಲೆ ಲೈನರಿನ ಮೇಲ್ಮೈಗಿಂತ ಚೆನ್ನಾಗಿ ಕೆಳಗಿರಬೇಕು. ಆಮೇಲೆ ಲೈನರಿಗೆ ಚಾಕ್ ಸವರಿ ಡ್ರಮ್ಮಿನೊಳಗೆ ಉಜ್ಜಿ. ಎರಡು ತುದಿಯ ಚಾಕ್ ಮಾತ್ರ ಅಳಿಸಿದರೆ ಶೂ ಸರಿಯಾಗಿ ಕೂತಿಲ್ಲ, ತುದಿ ಉಜ್ಜಿಸಬೇಕು. ಹಳೆ ಲೈನರಿನಲ್ಲಿ ಕಲ್ನಾರು ಇರಬಹುದು, ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲಿಗೆ ಸ್ಟೇರಿಂಗ್ ನಕಲ್ ಎನ್ನುತ್ತಾರೆ. ಅದರ ಬೇರಿಂಗ್ ಹಾಕುವಾಗ ಕಿಟ್ಟಿನ ಜೊತೆ ಬರುವ ಶಿಮ್ಮುಗಳನ್ನು (ಸಂದಿಗೆ ಹಾಕುವ ತೆಳು ತಗಡು) ಒಂದೊಂದಾಗಿ ಅಳೆಯಿರಿ, ಒಂದೇ ಪ್ಯಾಕಿನಲ್ಲಿ ದಪ್ಪ ಬೇರೆ ಬೇರೆ ಇರುತ್ತದೆ. ಬಿಗಿ ನೋಡಲು ನಾನು ಮಲ್ಪೆಯಿಂದ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ತಂದಿಟ್ಟಿದ್ದೇನೆ. ಸೀಲ್ ಹಾಕುವ ಮೊದಲು, ಎರಡು ಚಕ್ರವನ್ನು ಜೋಡಿಸುವ ಟೈ ರಾಡ್ ಬಿಚ್ಚಿ, ಸ್ಟೇರಿಂಗ್ ಆರ್ಮಿನ ತುದಿಗೆ ಕೊಕ್ಕೆ ಹಾಕಿ ಎಳೆಯಿರಿ. 2ರಿಂದ 2.5 ಕಿಲೋ ಎಳೆತಕ್ಕೆ ತಿರುಗಲು ಶುರುವಾದರೆ ಸರಿ. ಸಡಿಲ ಇದ್ದರೆ ಶಿಮ್ ತೆಗೆಯಿರಿ, ಬಿಗಿ ಇದ್ದರೆ ಸೇರಿಸಿ. ಇದನ್ನು ಅಂದಾಜಿಗೆ ಬಿಟ್ಟರೆ ಸ್ಟೇರಿಂಗ್ ನಡುಗಲು ಶುರುವಾಗುತ್ತದೆ, ನಡುಗಿದರೆ ತಪ್ಪು ಎಲ್ಲಿದೆ ಎಂದು ಹುಡುಕುವುದು ಬಹಳ ಕಷ್ಟ.

ಜೋಡಿಸಿದ ದಿನವೇ ಘಾಟಿ ಹತ್ತಬೇಡಿ. ನಾನು ಮೊದಲು ಸೋಮೇಶ್ವರದವರೆಗೆ ಸಮತಟ್ಟು ರಸ್ತೆಯಲ್ಲಿ ಹೋಗಿ ಬರುತ್ತೇನೆ. ನಿಲ್ಲಿಸಿ ನಾಲ್ಕೂ ಹಬ್ಬಿಗೆ ಅಂಗೈ ಹಿಂಭಾಗ ತಾಗಿಸಿ ನೋಡುತ್ತೇನೆ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದಿದೆ. ಯು ಬೋಲ್ಟು ಮತ್ತು ಚಕ್ರದ ನಟ್ಟುಗಳನ್ನು ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡುತ್ತೇನೆ. ರಾತ್ರಿ ಜೀಪಿನ ಕೆಳಗೆ ಹಳೆ ಪೇಪರ್ ಹಾಸುತ್ತೇನೆ. ಬೆಳಿಗ್ಗೆ ಚಹಾ ಕುಡಿಯುವ ಮೊದಲು ಅದನ್ನು ನೋಡುತ್ತೇನೆ. ದಪ್ಪಗೆ, ಕಟು ವಾಸನೆ ಇದ್ದರೆ ಗೇರ್ ಆಯಿಲ್. ಕಪ್ಪಗಿದ್ದರೆ ಎಂಜಿನ್ ಆಯಿಲ್. ಇವೆರಡಕ್ಕೂ ಭಾನುವಾರದವರೆಗೆ ಕಾಯಬಹುದು. ಚಕ್ರದ ಒಳಬದಿಯ ಕೆಳಗೆ ತೆಳು, ನೀರಿನಂಥ, ಬೆರಳಿಗೆ ಜಾರುವ ಹನಿ ಇದ್ದರೆ ಅದು ಬ್ರೇಕ್ ಆಯಿಲ್. ಆ ದಿನ ನಮ್ಮ ಜೀಪು ಅಂಗಳ ಬಿಟ್ಟು ಹೊರಡುವುದಿಲ್ಲ.